ಹಿಂಡಿಗಿಂತ ಮೊದಲು ನೀರು

2019ರ ಮಾರ್ಚ್. ದಿನಕ್ಕೆ 9 ಲೀಟರ್ ಕೊಡುತ್ತಿದ್ದ ನಮ್ಮ ಜೆರ್ಸಿ ಮಿಶ್ರತಳಿ ದನ ಎರಡು ವಾರದಲ್ಲಿ 6ಕ್ಕೆ ಇಳಿಯಿತು. ಕರು ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ಜ್ವರ ಇಲ್ಲ, ಕೆಚ್ಚಲು ಬಾವೂ ಇಲ್ಲ. ಹಿಂಡಿ ಸಾಲದೇನೋ ಎಂದು ಒಂದು ಕಿಲೊ ಜಾಸ್ತಿ ಮಾಡಿದೆ. ಹಾಲು ಏರಲಿಲ್ಲ, ಅಂಗಡಿಯ ಸಾಲ ಏರಿತು. ಮಾರಿಬಿಡುವುದೆಂದು ದಲ್ಲಾಳಿಗೂ ಹೇಳಿಯಾಗಿತ್ತು.

ಹಟ್ಟಿಗೆ ಬಂದ ಪಶುವೈದ್ಯರು ಮೊದಲು ನೋಡಿದ್ದು ಸಗಣಿಯನ್ನು. ಗಟ್ಟಿ, ಉಂಡೆ ಉಂಡೆ. "ನೀರು ಎಷ್ಟು ಕುಡಿಯುತ್ತದೆ?" ಎಂದು ಕೇಳಿದರು.

"ಬೆಳಿಗ್ಗೆ ಒಂದು ಬಾಲ್ದಿ, ಸಂಜೆ ಒಂದು ಬಾಲ್ದಿ ಅಕ್ಕಚ್ಚು ಕೊಡ್ತೇವಲ್ಲ."

"ಅದು ಹಿಂಡಿಯ ಆಸೆಗೆ ಕುಡಿಯುವುದು ಮಾರಾಯ್ರೆ. ಬಾಯಾರಿಕೆಗೆ ಎಲ್ಲಿ ಉಂಟು?"

ರಾತ್ರಿ ಕುಳಿತು ಲೆಕ್ಕ ಹಾಕಿದೆ. ಮಳೆಗಾಲದಲ್ಲಿ 30 ಕಿಲೊ ಹಸಿಹುಲ್ಲು ಹಾಕುತ್ತಿದ್ದೆ. ಎಳೆ ಹುಲ್ಲಿನಲ್ಲಿ ನೂರಕ್ಕೆ 80 ಪಾಲು ನೀರೇ. ಅಂದರೆ ಮೇವಿನಲ್ಲೇ 24 ಲೀಟರ್ ನೀರು ಹೋಗುತ್ತಿತ್ತು. ಬೇಸಿಗೆಯಲ್ಲಿ ಕೊಟ್ಟದ್ದು 8 ಕಿಲೊ ಬೈಹುಲ್ಲು. ಅದರಲ್ಲಿ ಒಂದು ಲೀಟರೂ ನೀರಿಲ್ಲ. ಸೆಕೆ ಏರಿತು, ಮೇವು ಒಣಗಿತು, ಆದರೆ ನನ್ನ ಬಾಲ್ದಿ ಮಾತ್ರ ಎರಡೇ!

ಪಿಷ್ಟ, ಪ್ರೋಟೀನು, ಕೊಬ್ಬು, ಖನಿಜ, ವಿಟಮಿನ್ – ದನದ ಆಹಾರ ಎಂದರೆ ನಾವು ಇವನ್ನೇ ಎಣಿಸುತ್ತೇವೆ. ನೀರು ಪುಕ್ಕಟೆ ಸಿಗುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ದನದ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ಕೊಳೆಸಿ ಜೀರ್ಣ ಮಾಡುವ ಸೂಕ್ಷ್ಮಜೀವಿಗಳು ಬದುಕುವುದೂ ನೀರಿನಲ್ಲೇ. ಜೀರ್ಣವಾದ ಸತ್ವವನ್ನು ಕೆಚ್ಚಲಿಗೆ ಒಯ್ಯುವುದೂ, ಮೈಯ ಬಿಸಿ ಇಳಿಸುವುದೂ ನೀರೇ. ನೀರು ಕಡಿಮೆಯಾದರೆ ದನ ಮೇವನ್ನೂ ಬಿಡುತ್ತದೆ. ಮೇಲಿಂದ ಎಷ್ಟು ಹಿಂಡಿ ಸುರಿದರೂ ದಂಡ.

ಮಾರನೇ ದಿನವೇ ಹಳೆ ಪ್ಲಾಸ್ಟಿಕ್ ಡ್ರಮ್ ಕೊಯ್ದು ಹಟ್ಟಿಯಲ್ಲಿ ದನದ ಎದುರಿಗೆ ಇಟ್ಟೆ. ಟ್ಯಾಂಕಿನಿಂದ ಪೈಪು ಎಳೆದು ಫ್ಲೋಟ್ ವಾಲ್ವ್ ಹಾಕಿದೆ. ಕುಡಿದಷ್ಟೂ ತುಂಬುತ್ತದೆ. ಬಾಲ್ದಿಯಲ್ಲಿ ಅಳೆದು ನೋಡಿದ ದಿನ 60 ಲೀಟರ್ ದಾಟಿತ್ತು. ರಾತ್ರಿಯೂ ಎದ್ದು ಕುಡಿಯುತ್ತಿತ್ತು. ನಾಲ್ಕು ದಿನದಲ್ಲಿ ಸಗಣಿ ಸರಿಯಾಯಿತು. ಹತ್ತು ದಿನದಲ್ಲಿ ಹಾಲು 8 ಲೀಟರಿಗೆ ಬಂತು. ಏರಿಸಿದ್ದ ಹಿಂಡಿಯನ್ನು ಇಳಿಸಿದೆ. ದಲ್ಲಾಳಿಗೆ ಬರಬೇಡಿ ಎಂದೆ.

ಅನುಭವದಿಂದ ಕಲಿತದ್ದು ಇಷ್ಟು:

* ಹಾಲು ಕೊಡದ ದನಕ್ಕೂ ದಿನಕ್ಕೆ 30–40 ಲೀಟರ್ ನೀರು ಬೇಕು. ಕರೆಯುವ ಪ್ರತಿ ಲೀಟರ್ ಹಾಲಿಗೆ ಇನ್ನೂ 3–4 ಲೀಟರ್ ಸೇರಿಸಿ. ಸೆಕೆಗಾಲಕ್ಕೆ ಮತ್ತೂ ಹೆಚ್ಚು.
* ಅಕ್ಕಚ್ಚು ಕೊಡಿ, ಆದರೆ ಬರಿ ನೀರು ಬೇರೆಯೇ ಇರಲಿ.
* ಪೈಪು ಬಿಸಿಲಿಗೆ ಬಿದ್ದು ನೀರು ಬಿಸಿಯಾದರೆ ದನ ಮೂಸಿ ಬಿಡುತ್ತದೆ. ಪೈಪನ್ನು ಮಣ್ಣಿನಡಿ ಹೂಳಿ.
* ಪಾತ್ರೆಯ ಪಾಚಿಯನ್ನು ವಾರಕ್ಕೆರಡು ಸಲವಾದರೂ ತಿಕ್ಕಿ ತೊಳೆಯಿರಿ.

ನೀರು ಕೊಟ್ಟರೆ ಎಲ್ಲ ರೋಗ ಹೋಗುತ್ತದೆಂದು ನಾನು ಹೇಳುವುದಿಲ್ಲ. ಹಾಲು ಇಳಿದಾಗ ಡಾಕ್ಟರರಿಗೆ ತೋರಿಸಲೇಬೇಕು. ಆದರೆ ಹಿಂಡಿ ಚೀಲ ಬಿಚ್ಚುವ ಮೊದಲು ಒಂದು ದಿನ ನಿಮ್ಮ ದನ ಕುಡಿದ ನೀರನ್ನು ಅಳೆದು ನೋಡಿ. ನಾನು ಅದನ್ನು ಮೊದಲೇ ಮಾಡಿದ್ದರೆ ಒಂದು ತಿಂಗಳ ಹಿಂಡಿ ಸಾಲ ಉಳಿಯುತ್ತಿತ್ತು.