ದೇಶಕ್ಕೇ ದಾರಿ ತೋರಿಸಿದ್ದು ಬಳ್ಳಾರಿ: ಮನೋವೈದ್ಯರು ಯಾರು, ತಾಲೂಕು ಆಸ್ಪತ್ರೆಗೆ ಯಾಕೆ ಬರ್ತಾರೆ?

ಬಳ್ಳಾರಿ: ಮನೆಯಲ್ಲಿ ಒಬ್ಬರು ವಾರಗಟ್ಟಲೆ ನಿದ್ದೆ ಮಾಡಲ್ಲ, ಒಬ್ಬರೇ ಮಾತಾಡ್ತಾರೆ, ಊಟ ಬಿಟ್ಟಿದ್ದಾರೆ. ಆಗ ಎಷ್ಟೋ ಮನೆಯವರು ಮೊದಲು ಹೋಗೋದು ತಾಯತ ಕಟ್ಟೋರ ಹತ್ತಿರ. ಡಾಕ್ಟ್ರ ಹತ್ತಿರ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. 'ಹುಚ್ಚಾಸ್ಪತ್ರೆಗೆ ಹೋದ್ರು' ಅಂತ ಜನ ಆಡಿಕೊಳ್ತಾರೆ ಅನ್ನೋ ಭಯ ಒಂದು ಕಡೆ. ಮನೋವೈದ್ಯರು ಏನು ಮಾಡ್ತಾರೆ ಅನ್ನೋದೇ ಗೊತ್ತಿಲ್ಲದಿರೋದು ಇನ್ನೊಂದು ಕಡೆ.

ಓದು ಎಷ್ಟು ವರ್ಷ?

ಮನೋವೈದ್ಯರು ಕೂಡ ಮೊದಲು ಎಂಬಿಬಿಎಸ್ ಡಾಕ್ಟ್ರೇ. ಇಂಟರ್ನ್‌ಶಿಪ್ ಸೇರಿ ಅದು ಐದೂವರೆ ವರ್ಷ. ಆಮೇಲೆ ಪ್ರವೇಶ ಪರೀಕ್ಷೆ ಬರೆದು 3 ವರ್ಷ ಎಂಡಿ ಸೈಕಿಯಾಟ್ರಿ ಓದಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮತ್ತು ಹಲವು ಮೆಡಿಕಲ್ ಕಾಲೇಜುಗಳಲ್ಲಿ ಈ ಕೋರ್ಸ್ ಇದೆ.

ಸೈಕಾಲಜಿಸ್ಟ್ ಬೇರೆ, ಸೈಕಿಯಾಟ್ರಿಸ್ಟ್ ಬೇರೆ. ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ, ಮಾನಸಿಕ ಪರೀಕ್ಷೆ ಮಾಡ್ತಾರೆ. ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್. ಕೆಲವೊಮ್ಮೆ ಇವರು ರಕ್ತ ಪರೀಕ್ಷೆಯನ್ನೂ ಮಾಡಿಸ್ತಾರೆ. ಯಾಕಂದ್ರೆ ಥೈರಾಯ್ಡ್ ಏರುಪೇರಾದರೂ ಖಿನ್ನತೆಯಂಥ ಲಕ್ಷಣ ಕಾಣಿಸಬಹುದು.

ಬಳ್ಳಾರಿಯಲ್ಲಿ ಆಗಿದ್ದೇನು?

ಇಷ್ಟು ಓದಿದ ಡಾಕ್ಟ್ರು ಹಳ್ಳಿ ಹಳ್ಳಿಗೂ ಸಿಗೋದು ಕಷ್ಟ. ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಜಿಲ್ಲೆಯಲ್ಲೇ. 1985ರಲ್ಲಿ ನಿಮ್ಹಾನ್ಸ್ ತಂಡ ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟ್ರು, ಸಿಬ್ಬಂದಿಗೆ ಕಾಯಿಲೆ ಗುರುತಿಸೋ ತರಬೇತಿ ಕೊಟ್ಟರು. ಅಗತ್ಯ ಮಾತ್ರೆಗಳನ್ನು ಅಲ್ಲಿಗೇ ಕಳಿಸಿದರು. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡ ಇದರ ಮೇಲ್ವಿಚಾರಣೆ ನೋಡಿಕೊಂಡಿತು. ಈ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ ಆಯ್ತು.

ಈಗ ಹೇಗೆ?

ಈಗ ಜಿಲ್ಲಾ ತಂಡದ ಮನೋವೈದ್ಯರ ಕೆಲಸ ಬರೀ ಒಪಿಡಿಯಲ್ಲಿ ಕೂರೋದಲ್ಲ. ಪಿಎಚ್‌ಸಿ ಡಾಕ್ಟ್ರಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಬೇಕು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಕ್ಲಿನಿಕ್ ನಡೆಸಬೇಕು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರ್ತಾರೆ ಅಂತ ಆಸ್ಪತ್ರೆಯಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆ ಹತ್ತಿರ ಕೇಳಿಕೊಳ್ಳಿ.

ಇಷ್ಟಾದರೂ ದಾರಿ ದೂರವಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇದು ನೆನಪಿರಲಿ

* ಖಿನ್ನತೆ ಮಾತ್ರೆ ಕೆಲಸ ಮಾಡೋಕೆ ಸಾಮಾನ್ಯವಾಗಿ 2ರಿಂದ 4 ವಾರ ಬೇಕು. 4 ದಿನ ನುಂಗಿ 'ಏನೂ ಆಗ್ಲಿಲ್ಲ' ಅಂತ ಬಿಡಬೇಡಿ.
* ಹುಷಾರಾಯ್ತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಬಹುದು, ಡಾಕ್ಟ್ರನ್ನ ಕೇಳಿಯೇ ನಿಲ್ಲಿಸಿ.
* ದೇವರಿಗೆ ಹರಕೆ ಹೊತ್ತುಕೊಳ್ಳಿ, ಅದಕ್ಕೆ ಯಾರೂ ಬೇಡ ಅನ್ನಲ್ಲ. ಆದರೆ ಚಿಕಿತ್ಸೆ ತಡ ಮಾಡಬೇಡಿ.
* ಚಿಕಿತ್ಸೆ ಪಡೆಯೋದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಹಕ್ಕು.

ಸಾಯಬೇಕು ಅನ್ನೋ ಮಾತು ಯಾರ ಬಾಯಲ್ಲಾದರೂ ಬಂದರೆ ಹಗುರವಾಗಿ ತಗೋಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ.