ಮಾತು ಬರಲು ಮೊದಲು ಕತೆ ಬೇಕು

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದ್ದು 2007ರಲ್ಲಿ. ಹೀಗೆ ಹತ್ತು ವರ್ಷ ಓದಿದ ಎಷ್ಟೋ ಮಕ್ಕಳು ವ್ಯಾಕರಣದ ಪ್ರಶ್ನೆ ಬಿಡಿಸಬಲ್ಲರು, ಪತ್ರ ಬರೆಯಬಲ್ಲರು. ಆದರೆ ಉದ್ಯೋಗದ ಸಂದರ್ಶನದಲ್ಲಿ ತಮ್ಮ ಪರಿಚಯ ಹೇಳಿಕೊಳ್ಳಲು ತಡವರಿಸುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ.

ಲೆಕ್ಕ ಸರಳ. 40 ಮಕ್ಕಳ ತರಗತಿಯಲ್ಲಿ 40 ನಿಮಿಷಗಳ ಒಂದು ಪಿರಿಯಡ್ ಎಂದುಕೊಳ್ಳೋಣ. ಶಿಕ್ಷಕರು ಮೌನವಾಗಿಯೇ ಇದ್ದರೂ ಪ್ರತಿ ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ. ಅದನ್ನೂ ಸಹಪಾಠಿಗಳು ನಕ್ಕಾರೆಂಬ ಅಂಜಿಕೆ ನುಂಗಿಹಾಕುತ್ತದೆ.

ಈ ಬಿಕ್ಕಟ್ಟಿಗೆ ಡಿಜಿಟಲ್ ಕಥನ ಒಂದು ಪರಿಹಾರವಾಗಬಲ್ಲದು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್, ಡಾನಾ ಆಚ್ಲಿ ಮೊದಲಾದವರು ರೂಪಿಸಿದ ಕ್ರಮವಿದು. ಸಾಮಾನ್ಯರು ತಮ್ಮ ಬದುಕಿನ ಪ್ರಸಂಗವೊಂದನ್ನು ಸ್ವಂತ ದನಿಯಲ್ಲಿ ಹೇಳಿ, ಛಾಯಾಚಿತ್ರಗಳನ್ನು ಜೋಡಿಸಿ ಎರಡು-ಮೂರು ನಿಮಿಷಗಳ ಕಿರುಚಿತ್ರ ಮಾಡುತ್ತಿದ್ದರು. ಭಾಷೆ ಕಲಿಸಲೆಂದು ಹುಟ್ಟಿದ್ದಲ್ಲವಾದರೂ ಮುಂದೆ ಹಲವು ದೇಶಗಳ ಇಂಗ್ಲಿಷ್ ತರಗತಿಗಳಿಗೂ ಅದು ಪ್ರವೇಶಿಸಿತು.

ಇದರ ಬಲವಿರುವುದು ಧ್ವನಿಮುದ್ರಣದಲ್ಲಿ. ತಪ್ಪಿದರೆ ಅಳಿಸಿ ಮತ್ತೆ ಹೇಳಬಹುದು, ನಗುವವರಿಲ್ಲ. ಮೂರು ನಿಮಿಷಗಳ ಕತೆಯನ್ನು ಹತ್ತು ಬಾರಿ ಹೇಳಿದರೆ ಅರ್ಧ ಗಂಟೆ ಮಾತಾಡಿದಂತಾಯಿತು. ಪದದ ಕೊನೆಗೆ ಸ್ವರ ಸೇರಿಸಿ ‘ಬಸ್ಸು’, ‘ಬುಕ್ಕು’ ಎನ್ನುವುದು ಕನ್ನಡದ ಜಾಯಮಾನ. ತನ್ನ ದನಿಯನ್ನು ತಾನೇ ಕೇಳಿದಾಗ ಮಗು ಅದನ್ನು ಗುರುತಿಸುತ್ತದೆ.

ಅದಕ್ಕಿಂತ ಮುಖ್ಯವಾದುದು ವಸ್ತು. ಅಜ್ಜಿಯ ಬೀಸುಕಲ್ಲು, ಊರಿನ ಜಾತ್ರೆ, ಬತ್ತಿದ ಕೆರೆ ಇವುಗಳ ಬಗ್ಗೆ ಮಗುವಿಗೆ ಹೇಳಲಿಕ್ಕಿದೆ. ಕತೆ ಮೊದಲು ಕನ್ನಡದಲ್ಲಿ ಮೂಡಲಿ. ಬಳಿಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ಇಳಿಯಲಿ. ಇಲ್ಲಿ ಕನ್ನಡ ಅಡ್ಡಿಯಲ್ಲ, ಬಂಡವಾಳ.

ಮಿತಿಗಳೂ ಇಲ್ಲದಿಲ್ಲ. ಸಿದ್ಧಪಡಿಸಿದ ನಿರೂಪಣೆ ಕಂಠಪಾಠವಾಗುವ ಅಪಾಯವಿದೆ; ಅದು ಸಂಭಾಷಣೆಯೂ ಅಲ್ಲ. ಆದ್ದರಿಂದ ಪ್ರದರ್ಶನದ ನಂತರ ಸಹಪಾಠಿಗಳು ಪ್ರಶ್ನೆ ಕೇಳಬೇಕು, ಕತೆಗಾರ ಕಾಗದ ನೋಡದೆ ಉತ್ತರಿಸಬೇಕು. ಮಕ್ಕಳ ಚಿತ್ರಗಳು ಅಂತರ್ಜಾಲಕ್ಕೆ ಹೋಗದೆ ತರಗತಿಯಲ್ಲೇ ಉಳಿಯಬೇಕು.

ಯೋಜನೆಯೆಂದೊಡನೆ ಉಪಕರಣ ಖರೀದಿಯ ಟೆಂಡರ್ ಕರೆಯುವುದು ನಮ್ಮ ಆಡಳಿತದ ಹಳೆಯ ರೂಢಿ. ಇಲ್ಲಿ ಹತ್ತು ಮಕ್ಕಳಿಗೆ ಒಂದು ಸಾಧಾರಣ ಮೊಬೈಲ್ ಸಾಕು. ಬೇಕಾದದ್ದು ಶಿಕ್ಷಕರಿಗೆ ತರಬೇತಿ, ವೇಳಾಪಟ್ಟಿಯಲ್ಲಿ ಬಿಡುವು, ಆಂತರಿಕ ಮೌಲ್ಯಮಾಪನದಲ್ಲಿ ಮಾತಿಗೂ ಅಂಕ. ಉಳ್ಳವರ ಮಕ್ಕಳಿಗೆ ಈ ಅಭ್ಯಾಸ ಮನೆಯಲ್ಲೇ ದಕ್ಕುತ್ತದೆ. ಉಳಿದವರಿಗೆ ಅದನ್ನು ಶಾಲೆಯೇ ಒದಗಿಸದಿದ್ದರೆ, ಸಮಾನ ಅವಕಾಶವೆಂಬುದು ಸಂದರ್ಶನದ ಕೊಠಡಿಯ ಬಾಗಿಲಲ್ಲೇ ನಿಂತುಬಿಡುತ್ತದೆ.