ಫ್ಯೂಸು ಕಾಯುವುದು ಯಾರನ್ನು?

ಫ್ರಿಜ್ಜನ್ನೋ ವಾಷಿಂಗ್ ಮೆಷಿನ್ನನ್ನೋ ಮುಟ್ಟುವ ಮುಂಚೆ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುವ ಪದ್ಧತಿ ನಿಮ್ಮ ಮನೆಯಲ್ಲಿ ಇದೆಯೇ? ಇದ್ದರೆ ಈ ಲೇಖನ ನಿಮಗಾಗಿಯೇ. ನಮ್ಮ ಮಲೆನಾಡಿನ ಕಡೆ, ಅದರಲ್ಲೂ ಮಳೆಗಾಲದಲ್ಲಿ, ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ! "ಏನಿಲ್ಲ ಮಾರಾಯ್ತಿ, ಸ್ವಲ್ಪ ಜುಮ್ ಅನ್ನತ್ತೆ ಅಷ್ಟೆ. ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರೆ ಏನೂ ಆಗಲ್ಲ." ಹೊಸದಾಗಿ ಬಂದ ಸೊಸೆಗೆ ಉಪ್ಪಿನಕಾಯಿ ಭರಣಿ ಎಲ್ಲಿದೆಯೆಂದು ತೋರಿಸಿಕೊಟ್ಟಷ್ಟೇ ಸಹಜವಾಗಿ ಇದನ್ನೂ ಹೇಳಿಕೊಡುತ್ತಾರೆ.

ಆ ಜುಮ್ ಏನು ಗೊತ್ತೇ? ತಂತಿಯೊಳಗೆ ಇರಬೇಕಾದ ಕರೆಂಟು ಯಂತ್ರದ ಮೈಗೆ ಸೋರಿ, ನೆಲಕ್ಕೆ ಇಳಿಯಲು ದಾರಿ ಹುಡುಕುತ್ತಿದೆ. ಆ ದಾರಿ ನಿಮ್ಮ ಕೈಯಿಂದ ಕಾಲಿನವರೆಗೆ. ನಡುವೆ ಇರುವುದು ಒಂದು ರಬ್ಬರು ಚಪ್ಪಲಿ. ಅದು ಒದ್ದೆಯಾದ ದಿನ, ಅಥವಾ ಮೊಮ್ಮಗು ಬರಿಗಾಲಲ್ಲಿ ಓಡಿಬಂದು ಹಿಡಿದ ದಿನ ಏನು ಗತಿ?

"ನಮ್ಮನೇಲಿ ಫ್ಯೂಸ್ ಇದೆಯಲ್ಲ, ಏನಾದ್ರೂ ಆದ್ರೆ ಹಾರುತ್ತೆ" ಎಂದು ಧೈರ್ಯವಾಗಿರುವವರೇ ಹೆಚ್ಚು. ನಮ್ಮ ಯಜಮಾನರೂ ಹೀಗೆಯೇ ಅನ್ನುತ್ತಿದ್ದರು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹೆದರಬೇಡಿ, ಹೈಸ್ಕೂಲಿನ ಭಾಗಾಕಾರ ಸಾಕು. ಯಾವುದೇ ಉಪಕರಣದ ಮೇಲೆ ಬರೆದ ವಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಕರೆಂಟು ಆಂಪಿಯರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯ ಕಾಲದ 40 ವಾಟಿನ ಬಲ್ಬು ಎಳೆಯುತ್ತಿದ್ದುದು 0.17 ಆಂಪಿಯರ್. ಅದರ ಮೂರರಲ್ಲಿ ಒಂದು ಪಾಲು ಮನುಷ್ಯನ ಎದೆಯ ಮೂಲಕ ಹಾದರೂ ಪ್ರಾಣಕ್ಕೆ ಅಪಾಯ. ಆದರೆ 5 ಆಂಪಿಯರಿನ ಫ್ಯೂಸು ಹಾರಬೇಕಾದರೆ 5 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಅಂದರೆ ನೀವು ಶಾಕ್ ಹೊಡೆಸಿಕೊಂಡು ಬಿದ್ದಿದ್ದರೂ ಫ್ಯೂಸಿನ ಲೆಕ್ಕದಲ್ಲಿ ಮನೆಯಲ್ಲಿ ಒಂದು ಸಣ್ಣ ಬಲ್ಬು ಉರಿಯುತ್ತಿದೆ, ಅಷ್ಟೆ! ಫ್ಯೂಸು ಇರುವುದು ತಂತಿಯನ್ನು ಕಾಯಲು, ನಿಮ್ಮನ್ನಲ್ಲ.

ಸರಿ, ಆ ತಂತಿಯನ್ನಾದರೂ ಕಾಯುತ್ತಿದೆಯೇ? ನಿಮ್ಮ ಮನೆಯ ಪಿಂಗಾಣಿ ಫ್ಯೂಸನ್ನು (ಮೈನ್ ಸ್ವಿಚ್ ಆಫ್ ಮಾಡಿಸಿ, ತಿಳಿದವರ ಕೈಯಲ್ಲಿ) ತೆಗೆಸಿ ನೋಡಿ. ಕೂದಲೆಳೆಯಂಥ ಫ್ಯೂಸ್ ತಂತಿ ಇರಬೇಕಾದ ಕಡೆ ಹಳೆಯ ವೈರಿನಿಂದ ಕಿತ್ತ ದಪ್ಪ ತಾಮ್ರದ ಎಳೆ ಇದ್ದರೆ ಆಶ್ಚರ್ಯವಿಲ್ಲ. ಮದುವೆಮನೆಯ ದಿನ ಪದೇಪದೇ ಫ್ಯೂಸು ಹೋಗುತ್ತದೆಂದು ಯಾರೋ ಪುಣ್ಯಾತ್ಮರು ಸುತ್ತಿ ಹೋಗಿರುತ್ತಾರೆ. ಅದು ಇನ್ನು ಹಾರುವುದೇ ಇಲ್ಲ. ಅದಕ್ಕೆ ಬದಲು ಗೋಡೆಯೊಳಗಿನ ವೈರು ಕಾಯುತ್ತದೆ.

ನಮ್ಮ ಮನೆಗೆ ಕರೆಂಟು ಬಂದದ್ದು 1976ರಲ್ಲಿ, ಮಾವನವರ ಕಾಲದಲ್ಲಿ. ಮರದ ಪಟ್ಟಿಯ ಮೇಲೆ ಎರಡೆರಡು ತಂತಿ, ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಆಗ ಅಷ್ಟೇ ಸಾಕಾಗಿತ್ತು; ಆ ಕೆಲಸ ಮಾಡಿದವರನ್ನು ದೂರುವ ಹಾಗಿಲ್ಲ. ಈಗ ಬೆಳಗಿನ ಏಳು ಗಂಟೆಯ ಅಡುಗೆಮನೆ ನೋಡಿ. ಬಚ್ಚಲಲ್ಲಿ 2000 ವಾಟಿನ ಗೀಸರು, ಒಲೆಕಟ್ಟೆಯ ಮೇಲೆ ಅಷ್ಟೇ ವಾಟಿನ ಇಂಡಕ್ಷನ್ ಒಲೆ, ಚಟ್ನಿಗೆ 750 ವಾಟಿನ ಮಿಕ್ಸಿ. ಇಷ್ಟಕ್ಕೇ 20 ಆಂಪಿಯರ್ ದಾಟಿತು. ಅದರ ಮೇಲೆ ಮಗನ ಅಂಗಿಗೆ ಇಸ್ತ್ರಿ ಪೆಟ್ಟಿಗೆ. ಸಾವಿರ ಎಮ್ಮೆ ನೀರು ಕುಡಿಯಲು ಒಂದು ಕೊಳಗ ಇಟ್ಟ ಹಾಗಾಯಿತಲ್ಲವೇ? ವೈರು ದಿನವೂ ಬಿಸಿಯಾಗಿ, ಮೇಲಿನ ಹೊದಿಕೆ ಒಣಗಿದ ಬಾಳೆನಾರಿನಂತೆ ಬಿರುಕು ಬಿಡುತ್ತದೆ. ಅಟ್ಟದಲ್ಲಿ ಇಲಿಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಆ ಕಾಲದ ಎಷ್ಟೋ ಮನೆಗಳಲ್ಲಿ ಅಲ್ಯುಮಿನಿಯಂ ತಂತಿ ಬೇರೆ. ಅದು ಸ್ಕ್ರೂ ಇರುವ ಕಡೆ ಸಡಿಲಾಗುತ್ತದೆ, ಸಡಿಲಾದಲ್ಲಿ ಕಾಯುತ್ತದೆ. ಪ್ಲಗ್ಗಿನ ತೂತುಗಳ ಸುತ್ತ ಕಂದು ಬಣ್ಣ, ಸ್ವಿಚ್ಚಿನೊಳಗೆ ಚಿಟಿಚಿಟಿ ಸದ್ದು, ಸುಟ್ಟ ವಾಸನೆ ಇವು ಕಂಡರೆ ನಾಳೆಗೆ ಮುಂದೂಡುವ ವಿಷಯವಲ್ಲ.

ಈಗ ಎಲ್ಲರೂ ಮಾಡಿಸುವ ಒಂದು ಕೆಲಸದ ಬಗ್ಗೆ ಎಚ್ಚರ ಹೇಳಬೇಕು. ಪಿಂಗಾಣಿ ಫ್ಯೂಸು ತೆಗೆದು, ಚೆಂದದ ಬಿಳಿ ಡಬ್ಬಿಯಲ್ಲಿ ಎಂಸಿಬಿ ಸಾಲು ಕೂರಿಸಿ, "ಆಯ್ತಮ್ಮ, ಹೊಸ ವೈರಿಂಗ್ ಆದ ಹಾಗೇ" ಎಂದು ಹೇಳಿ ಹೋಗುತ್ತಾರೆ. ಆಗಲಿಲ್ಲ! ಎಂಸಿಬಿ ಫ್ಯೂಸಿಗಿಂತ ಒಳ್ಳೆಯದು ನಿಜ. ತಂತಿ ಸುತ್ತುವ ತಾಪತ್ರಯವಿಲ್ಲ, ಯಾರೂ ದಪ್ಪ ಎಳೆ ಸುತ್ತಿ ಮೋಸ ಮಾಡುವಂತಿಲ್ಲ. ಆದರೆ ಅದೂ ತಂತಿಯ ಕಾವಲುಗಾರನೇ. ಹಳೆಯ ಸಣ್ಣ ವೈರಿಗೆ, "ಪದೇಪದೇ ಬೀಳದಿರಲಿ" ಎಂದು 32 ಆಂಪಿಯರಿನ ಎಂಸಿಬಿ ಹಾಕಿದರೆ ಮೊದಲಿಗಿಂತಲೂ ಕೆಟ್ಟದ್ದಾಯಿತು. ವೈರು ಯಾವುದೋ, ಎಂಸಿಬಿ ಅದಕ್ಕೆ ತಕ್ಕದ್ದಿರಬೇಕು. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರು, 6 ಅಥವಾ 10 ಆಂಪಿಯರಿನ ಎಂಸಿಬಿ. ದೊಡ್ಡ ಪ್ಲಗ್ಗಿಗೆ 2.5ರ ವೈರು, 16 ಆಂಪಿಯರ್. ಗೀಸರಿಗೆ ಬೋರ್ಡಿನಿಂದ ನೇರವಾಗಿ ಬೇರೆಯದೇ 4ರ ವೈರು ಎಳೆಸಿದರೆ ಒಳ್ಳೆಯದು. ಸುರುಳಿಯ ಮೇಲೆ ಐಎಸ್ಐ ಗುರುತು ಇದೆಯೇ ಎಂದು ಕಣ್ಣಾರೆ ನೋಡಿ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವುದಿಲ್ಲವೇ, ಹಾಗೆ.

ಹಾಗಾದರೆ ನಮ್ಮನ್ನು ಕಾಯುವುದು ಯಾವುದು? ಎರಡು ವಸ್ತು. ಒಂದು ಅರ್ತಿಂಗು, ಇನ್ನೊಂದು ಆರ್‌ಸಿಸಿಬಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದನ್ನು ಗಮನಿಸಿದ್ದೀರಾ? ಕರೆಂಟಿಗಿಂತ ಮುಂಚೆ ಅರ್ತ್ ಸೇರಲಿ ಎಂದೇ ಹಾಗೆ ಮಾಡಿರುವುದು. ಆದರೆ ಆ ಪಿನ್ನಿನ ಹಿಂದೆ ಹಸಿರು ತಂತಿಯೇ ಇಲ್ಲದ ಮನೆಗಳು ಬೇಕಾದಷ್ಟು. ಇದ್ದರೂ ಅದು ಎಲ್ಲಿಗೆ ಹೋಗಿದೆ ಎಂದು ಕೇಳಬೇಕು. ಹಿಂದೆ ಕೆಲವು ಕಡೆ ಅದನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿಬಿಡುತ್ತಿದ್ದರು. ಆಮೇಲೆ ಪೈಪು ತುಕ್ಕು ಹಿಡಿದು ಪಿವಿಸಿ ಹಾಕಿಸಿದಿರಿ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ, ಅರ್ತು ಅಂದೇ ಸತ್ತಿತು, ಯಾರಿಗೂ ತಿಳಿಯಲಿಲ್ಲ. ಇನ್ನು ಕೆಲವರು ಪ್ಲಗ್ಗಿನೊಳಗೇ ಅರ್ತನ್ನು ನ್ಯೂಟ್ರಲ್ ತಂತಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಇದು ಬಹಳ ಅಪಾಯ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಇಡೀ ಮೈಗೆ 230 ವೋಲ್ಟು ಬರುತ್ತದೆ. ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು-ಉಪ್ಪು ಪದರಪದರವಾಗಿ ತುಂಬಿ ಮಾಡಿದ ಸ್ವಂತ ಅರ್ತೇ ಬೇಕು. ಬೇಸಗೆಯಲ್ಲಿ ಆ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಿ. ತುಳಸಿಗೆ ಹಾಕುವಾಗ ಜ್ಞಾಪಕವಿಟ್ಟುಕೊಂಡರೆ ಆಯಿತು.

ಇನ್ನು ಆರ್‌ಸಿಸಿಬಿ. ಅಂಗಡಿಯಲ್ಲಿ ಇದನ್ನು ಇಎಲ್‌ಸಿಬಿ ಎಂದೇ ಕರೆಯುವವರೂ ಇದ್ದಾರೆ. ಊಟದ ಮನೆಯಲ್ಲಿ ಕೊಟ್ಟ ಬೆಳ್ಳಿ ಲೋಟಗಳನ್ನು ಎಣಿಸಿಯೇ ಒಳಗಿಟ್ಟುಕೊಳ್ಳುವ ಅತ್ತೆಯವರ ಹಾಗೆ ಇದರ ಕೆಲಸ. ಒಂದು ತಂತಿಯಲ್ಲಿ ಹೋದ ಕರೆಂಟೆಲ್ಲ ಇನ್ನೊಂದರಲ್ಲಿ ವಾಪಸ್ಸು ಬರಬೇಕು. ಸ್ವಲ್ಪ ಕಡಿಮೆ ಬಂದರೂ, ಅದು ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಹೋಗಿದೆ ಎಂದು ತಿಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿದುಬಿಡುತ್ತದೆ. ಮನುಷ್ಯರ ರಕ್ಷಣೆಗೆ 30 ಮಿಲಿ ಆಂಪಿಯರಿನದ್ದೇ ಬೇಕು. 100, 300ರವೂ ಸಿಗುತ್ತವೆ, ನೋಡಿ ಕೊಳ್ಳಿ. ಬೆಲೆ ಸಾಧಾರಣ ಮಿಕ್ಸಿಗಿಂತ ಹೆಚ್ಚೇನಲ್ಲ. ಒಂದು ಮಾತು: ಎರಡೂ ತಂತಿಯನ್ನು ಎರಡು ಕೈಯಲ್ಲಿ ಹಿಡಿದರೆ ಇದಕ್ಕೂ ಲೆಕ್ಕ ತಪ್ಪದು, ಅಲ್ಲಿ ಇದು ಸಹಾಯಕ್ಕೆ ಬಾರದು. ಮತ್ತು ಇದು ಬಂತೆಂದು ಎಂಸಿಬಿ ಬಿಡುವಂತಿಲ್ಲ, ಎರಡೂ ಬೇಕು.

ಹಳೆಯ ವೈರಿಂಗಿಗೆ ಇದನ್ನು ಹಾಕಿಸಿದ ಕೂಡಲೇ ಒಂದು ರಗಳೆ ಶುರುವಾಗಬಹುದು. ನಮ್ಮ ಹಿಂದಿನ ಬೀದಿಯ ಮನೆಯಲ್ಲಿ ಆಷಾಢದ ಮಳೆ ಹಿಡಿದದ್ದೇ ತಡ, ಇದು ದಿನಕ್ಕೆ ನಾಲ್ಕು ಸಲ ಬೀಳತೊಡಗಿತು. ಬಂದ ಎಲೆಕ್ಟ್ರಿಷಿಯನ್ "ಇದು ಸರಿ ಇಲ್ಲ, ನಮ್ಮೂರ ಮಳೆಗೆ ಆಗಿಬರಲ್ಲ" ಎಂದು ಅದನ್ನು ಬಿಟ್ಟು ನೇರ ವೈರು ಕೊಟ್ಟು ಹೋದ. ಆ ಮನೆಯಾಕೆ ಗಟ್ಟಿಗಿತ್ತಿ. ಇನ್ನೊಬ್ಬರನ್ನು ಕರೆಸಿ, ಒಂದೊಂದೇ ಎಂಸಿಬಿ ಆಫ್ ಮಾಡಿಸಿ ನೋಡಿಸಿದರು. ಅಂಗಳದ ದೀಪದ ಬುಡದಲ್ಲಿ ನೀರು ನಿಂತು ಕರೆಂಟು ಸೋರುತ್ತಿತ್ತು, ಅದೂ ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಕಟ್ಟಿದ್ದ ಕಂಬಕ್ಕೆ! ಅದು ಬೀಳುತ್ತಿದ್ದುದು ಕೆಟ್ಟು ಅಲ್ಲ, ಕೂಗಿ ಹೇಳುತ್ತಿತ್ತು. (ಬಟ್ಟೆಗೆ ನೈಲಾನ್ ಹಗ್ಗವೇ ಸರಿ. ಲೋಹದ ತಂತಿ ಬೇಡವೇ ಬೇಡ.)

ಕೆಲಸವನ್ನು ಲೈಸೆನ್ಸು ಇರುವ ಕಂಟ್ರಾಕ್ಟರಿಗೇ ಕೊಡಿ. ಲೋಡು ಹೆಚ್ಚು ಮಾಡಿಸಲು ವಿದ್ಯುತ್ ಕಂಪನಿಗೆ ಅರ್ಜಿ ಹಾಕುವಾಗಲೂ ಅವರ ಸಹಿ ಬೇಕಾಗುತ್ತದೆ. ನಮ್ಮೂರಲ್ಲಿ ಜನ ಇನ್ನೂ ಕೆ.ಇ.ಬಿ. ಎಂದೇ ಅನ್ನುವುದು, ಆ ಮಂಡಳಿ 1999ರಲ್ಲೇ ಮುಗಿಯಿತು. ಮೀಟರಿನ ಸೀಲು ಮಾತ್ರ ಯಾರೂ ಮುಟ್ಟಬಾರದು. ಮುಗಿದ ಮೇಲೆ "ಮೆಗ್ಗರ್ ಹಾಕಿ ನೋಡಿದ್ರಾ?" ಎಂದು ಕೇಳಿ. ವೈರಿನ ಹೊದಿಕೆ ಎಲ್ಲಾದರೂ ಸೋರುತ್ತದೆಯೇ ಎಂದು ಅಳೆಯುವ ಯಂತ್ರ ಅದು. ನೀವು ಆ ಹೆಸರು ಹೇಳಿದ ಕೂಡಲೇ ಕೆಲಸದವರ ಮುಖದಲ್ಲಿ ಬರುವ ಬದಲಾವಣೆ ನೋಡುವಂಥದ್ದು.

ಕೆಲಸ ನಡೆಯುವಾಗ "ಗಂಡಸರ ವಿಷಯ" ಎಂದು ಒಳಗೆ ಕೂರಬೇಡಿ. ಒದ್ದೆ ಕೈಯಲ್ಲಿ ಮಿಕ್ಸಿ, ಗ್ರೈಂಡರು, ಮೆಷಿನ್ನು ಮುಟ್ಟುವವರು ದಿನವಿಡೀ ನಾವು. ಪ್ಲಗ್ಗು ಎಲ್ಲಿ ಬೇಕೆಂದು ನಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ. ಸಿಂಕಿನಿಂದ ದೂರ ಇರಲಿ, ಗ್ರೈಂಡರಿಗೆ ಬೇರೆ, ಮಿಕ್ಸಿಗೆ ಬೇರೆ ಕೊಡಿಸಿ. ಒಂದರ ಮೇಲೊಂದು ಸಿಕ್ಕಿಸುವ ಪ್ಲಗ್ಗಿನ ಗೊಂಚಲು ಅಲ್ಲಿಗೆ ಮುಗಿಯಿತು. ಗೀಸರಿನ ಸ್ವಿಚ್ಚು ಬಚ್ಚಲಿನ ಹೊರಗೆ ಇರಲಿ.

ಕೊನೆಯದಾಗಿ ಡಬ್ಬಿಯ ಬಾಗಿಲೊಳಗೆ ಯಾವ ಎಂಸಿಬಿ ಯಾವ ಕೋಣೆಯದೆಂದು ಕನ್ನಡದಲ್ಲಿ ಬರೆಸಿ ಅಂಟಿಸಿ. ಆರ್‌ಸಿಸಿಬಿಯ ಮೇಲೆ "ಟಿ" ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಟಕ್ಕೆಂದು ಬೀಳಬೇಕು, ಬೀಳದಿದ್ದರೆ ಬದಲಾಯಿಸಿ. ನಾನು ಮೂರು ತಿಂಗಳಿಗೊಮ್ಮೆ, ಸಾಮಾನಿನ ಡಬ್ಬಿಗಳನ್ನು ಬಿಸಿಲಿಗಿಡುವ ದಿನ, ಒತ್ತುತ್ತೇನೆ. ಆ ಹೊತ್ತಿಗೆ ಟೀವಿ ನೋಡುತ್ತಿರುವವರಿಗೆ ಮೊದಲೇ ಹೇಳಿಬಿಡಿ.